ನಾಲೆಗೆ ಜಗಳ ಆಡುವವರೇ, ಬೆಟ್ಟಕ್ಕೆ ಲೆಕ್ಕ ಕೊಡಿ

ಹೇಮಾವತಿ ನೀರು ಗುಬ್ಬಿಗೆಷ್ಟು, ಕುಣಿಗಲ್ಲಿಗೆಷ್ಟು ಎಂದು ನಾವು ಬೀದಿಗಿಳಿದಿದ್ದೇವೆ. ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಎಂದರೆ ಸಾಕು, ಟೀ ಅಂಗಡಿಯಲ್ಲೂ ಎರಡು ಬಣ. ಜಗಳ ತಪ್ಪಲ್ಲ, ನೀರಿಲ್ಲದ ಸೀಮೆಯವರು ನೀರಿಗಲ್ಲದೆ ಇನ್ಯಾವುದಕ್ಕೆ ಜಗಳ ಆಡಬೇಕು? ಆದರೆ ಆ ನೀರು ಹುಟ್ಟುವ ಜಾಗದ ಬಗ್ಗೆ ಯಾರದೂ ತಕರಾರಿಲ್ಲ.

ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ. ಅಲ್ಲಿಂದ ಹೆಚ್ಚೇನೂ ದೂರವಿಲ್ಲ ಕುದುರೆಮುಖ: 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡು, ಅದರೊಳಗೆ 1,890 ಮೀಟರಿಗೂ ಎತ್ತರದ ಶಿಖರ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಆ ಬೆಟ್ಟಸಾಲಿನ ಮಕ್ಕಳು. ನಮ್ಮ ಜಿಲ್ಲೆಯ ಶಿರಾ ಕಡೆಯವರು ಎದುರು ನೋಡುತ್ತಿರುವ ಭದ್ರಾ ಮೇಲ್ದಂಡೆಯ ನೀರೂ ಅದೇ ಮನೆಯದು.

ಆ ಮನೆಗೆ ನಾವು ಹೋಗುವ ರೀತಿ ನೋಡಿ. ಶುಕ್ರವಾರ ರಾತ್ರಿ ಹೊರಟರೆ ಬೆಳಗಾಗುವಷ್ಟರಲ್ಲಿ ಕಳಸ. ಜೀಪಿನಲ್ಲಿ ಕುಲುಕಾಡಿ ಮುಳ್ಳೋಡಿ. ಒಂಟಿಮರ ದಾಟಿದರೆ ಬೋಳು ಗುಡ್ಡದಂತೆ ಕಾಣುವ ಹುಲ್ಲುಗಾವಲು. ಬೋಳು ಎನ್ನುವುದು ನಮ್ಮ ಕಣ್ಣಿನ ದೋಷ. ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಇಳಿಜಾರಿನಲ್ಲಿ ಮಣ್ಣು ಹಿಡಿದಿರುವುದು ಆ ಹುಲ್ಲಿನ ಬೇರು. ಅದು ಕುಡಿದ ನೀರು ಕಣಿವೆಯ ಶೋಲಾ ಕಾಡಿಗೆ ಇಳಿದು, ಬೇಸಿಗೆಯಲ್ಲೂ ಸಣ್ಣ ತೊರೆಯಾಗಿ ಹರಿಯುತ್ತದೆ. ಸುತ್ತು ದಾರಿ ಬೇಸರವಾಗಿ ಒಬ್ಬ ನೆಟ್ಟಗೆ ಹತ್ತುತ್ತಾನೆ, ಹಿಂದಿನ ಇಪ್ಪತ್ತು ಜನ ಅವನ ಹೆಜ್ಜೆ ಮೇಲೇ ಹೆಜ್ಜೆ ಇಡುತ್ತಾರೆ. ಹುಲ್ಲು ಸವೆದು ಕೆಂಪು ಗೆರೆ ಮೂಡುತ್ತದೆ. ಮುಂಗಾರಿಗೆ ಅದು ಕೊರಕಲು, ಮರುವರ್ಷ ಮೊಣಕಾಲುದ್ದದ ಹಳ್ಳ. ಬೀಡಿ ಕಿಡಿಯೊಂದು ಸಾಕು, ಒಣಗಿದ ಗುಡ್ಡಕ್ಕೆ ಗುಡ್ಡವೇ ಉರಿಯಲು. ಇಷ್ಟೆಲ್ಲದರ ನಡುವೆ ಬ್ಲೂಟೂತ್ ಸ್ಪೀಕರಿನಲ್ಲಿ ಡಿಜೆ ಹಾಡು! ಸಿಂಗಳೀಕಗಳಿಗೂ ಒಂದು ಅಭಿರುಚಿ ಇದ್ದೀತು.

ಈ ಬೆಟ್ಟದ ಕಬ್ಬಿಣದ ಅದಿರಿಗಾಗಿ ದಶಕಗಳ ಕಾಲ ಗಣಿ ನಡೆಯಿತು. ಊರಿನವರು, ಪರಿಸರದವರು ಬಿಡದೆ ಹೋರಾಡಿದರು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿ ನಿಂತಿತು. ಕಂಪನಿಯ ಮೇಲೆ ಕೇಸು ಹಾಕಬಹುದಿತ್ತು. ಸಾವಿರಾರು ಜೊತೆ ಬೂಟುಗಳ ಮೇಲೆ ಯಾವ ಕೋರ್ಟಿಗೆ ಹೋಗೋಣ? 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದಾಗ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ಸರ್ಕಾರ ನಿಲ್ಲಿಸಬೇಕಾಯಿತು. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯನ್ನು ಕಿರಿಕಿರಿ ಎನ್ನುವವರಿದ್ದಾರೆ. ನನ್ನ ಕೇಳಿದರೆ ಆ ಮಿತಿ ಇನ್ನೂ ಬಿಗಿಯಾಗಬೇಕು.

ಹತ್ತಬೇಡಿ ಎನ್ನುತ್ತಿಲ್ಲ, ತಮ್ಮಂದಿರೇ, ತಂಗಿಯರೇ. ಬೆಟ್ಟ ಹತ್ತದವರಿಗೆ ಬೆಟ್ಟದ ನೋವು ತಿಳಿಯುವುದು ಕಷ್ಟ. ಆದರೆ ಅಭ್ಯಾಸ ಮನೆಯಿಂದಲೇ ಆಗಲಿ. ನಮ್ಮ ದೇವರಾಯನದುರ್ಗದಲ್ಲೇ ಶಿಂಷೆ ಹುಟ್ಟುತ್ತಾಳೆ. ಗುಬ್ಬಿಯ ಕಡಬ ಕೆರೆ ತುಂಬಿಸಿ, ಕುಣಿಗಲ್ಲಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಬರುತ್ತಾಳೆ. ಆ ದುರ್ಗದಲ್ಲಿ ಭಾನುವಾರ ಸಂಜೆ ಬಿದ್ದಿರುವ ಚಿಪ್ಸ್ ಕವರು, ಬಿಯರ್ ಬಾಟಲಿ ಹೊರಗಿನವರು ಎಸೆದದ್ದಲ್ಲ. ಹುಲಿಯೂರುದುರ್ಗ, ಸಿದ್ಧರಬೆಟ್ಟದ ಕಥೆಯೂ ಬೇರೆಯಲ್ಲ.

ಚಾರಣದ ಪಾಸ್ ಸಿಗದಿದ್ದರೆ ಕಳ್ಳದಾರಿ ಹುಡುಕಬೇಡಿ. ಇನ್ನೊಂದು ವಾರ ಕಾಯಿರಿ. ಗೈಡ್ ಹೇಳಿದ ದಾರಿ ಬಿಟ್ಟು ಕಾಲಿಡಬೇಡಿ. ಒಯ್ದ ಕವರು, ಬಾಟಲಿ ನಿಮ್ಮದೇ ಬ್ಯಾಗಿನಲ್ಲಿ ವಾಪಸ್ ಬರಲಿ. ಮುಂದಿನ ಟ್ರಿಪ್ಪಿಗೆ ಅಡ್ವಾನ್ಸ್ ಕೇಳಿದವರಿಗೆ ಮೊದಲೇ ಕೇಳಿ, ಎಲ್ಲರ ಹೆಸರಿನಲ್ಲೂ ಅರಣ್ಯ ಇಲಾಖೆಯ ಪಾಸ್ ಆಗಿದೆಯೇ ಎಂದು. "ಅಲ್ಲಿ ಹೋಗಿ ನೋಡಿಕೊಳ್ಳೋಣ ಬಿಡಿ" ಎಂದರೆ ದುಡ್ಡು ಕೊಡಬೇಡಿ.