ದೊಡ್ಡ ಟೈರು ಯಾರ ಗತ್ತಿಗೆ?

ತಾಳಗುಂದದ ಕಡೆ ಹಳೇ ಮ್ಯಾಸಿ 1035 ತಗೊಂಡ ನಮ್ಮ ಹುಡುಗ್ರು ಕೇಳ್ತಾರೆ: "ಅಣ್ಣಾ, ಹಿಂದಕ್ಕೆ ದೊಡ್ಡ ಟೈರು ಹಾಕ್ಸಲಾ?"

ಬೇಡ ಅಂತೀನಿ. 12.4-28 ತೆಗೆದು 13.6-28 ಹಾಕಿದ್ರೆ ಟೈರು ಸುಮಾರು 2 ಇಂಚು ಎತ್ತರ ಆಗುತ್ತೆ. ಹಿಡಿತ ಸ್ವಲ್ಪ ಜಾಸ್ತಿ, ನಿಜ. ಆದ್ರೆ ಅದೇ ಗೇರಲ್ಲಿ ಓಟ ಏರಿ, ಎಳೆಯೋ ಬಲ ಇಳಿಯುತ್ತೆ. ಏಟು ಬೀಳೋದು ಹಳೇ ಕ್ಲಚ್ಚಿಗೆ. ರಿಮ್ಮಿನ ಅಗಲ ಹೊಂದದಿದ್ರೆ ಟೈರೂ ಬೇಗ ಸವೆಯುತ್ತೆ. ಗದ್ದೆ ಕೆಸರಿಗೆ ಕೇಜ್‌ವೀಲ್ ಇದೆ. ಒಣ ಹೊಲದಲ್ಲಿ ಜಾರಿದ್ರೆ ಟೈರಿಗೆ ಮುಕ್ಕಾಲು ನೀರು ತುಂಬ್ಸಿ.

ಕಂಡೋರ ಟ್ರ್ಯಾಕ್ಟರ್ ಓಡಿಸಿದ ಕೈಗೆ ಈಗ ಸ್ವಂತ ಸ್ಟಿಯರಿಂಗ್ ಸಿಕ್ಕಿದೆ. ಗೌಡ್ರ ಟೈರಿನ ಎತ್ತರಕ್ಕೆ ಪೈಪೋಟಿ ಮಾಡಿ ಸಾಲಕ್ಕೆ ಬೀಳ್ಬೇಡಿ. ಮಂಜೂರಾದ ಜಮೀನು ಉಳೀಲಿ ಅಂತ 1978ರ ಪಿಟಿಸಿಎಲ್ ಕಾಯ್ದೆ ಇದೆ, ಸರಿ. ಸಾಲದ ಬಡ್ಡಿಯನ್ನ ಯಾವ ಕಾಯ್ದೆಯೂ ಕಟ್ಟಲ್ಲ.

ಜೈ ಭೀಮ್.