ತೆರೆದುಕೊಳ್ಳುತ್ತಿದ್ದ ಛಾವಣಿ

ಮಕ್ಕಳೇ, ಹಾಕಿ ಎಂದರೆ ನಿಮಗೆ ಮೈದಾನ, ಚೆಂಡು ನೆನಪಾಗುತ್ತವೆ. ಅಮೆರಿಕ, ಕೆನಡಾದವರಿಗೆ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ಚೆಂಡಿನ ಬದಲು ಕಪ್ಪು ರಬ್ಬರಿನ ಬಿಲ್ಲೆ, ಕಾಲಿಗೆ ಉಕ್ಕಿನ ಅಲಗಿರುವ ಬೂಟು. ನೆಲದೊಳಗಿನ ಕೊಳವೆಗಳಲ್ಲಿ ಕೊರೆಯುವ ತಣ್ಣನೆಯ ದ್ರವ ಹರಿಸಿ ಮೇಲೆ ನೀರು ಬಿಟ್ಟರೆ ಗಡ್ಡೆ ಕಟ್ಟುತ್ತದೆ.

ಅಂಥದೊಂದು ಕ್ರೀಡಾಂಗಣ ಅಮೆರಿಕದ ಪಿಟ್ಸ್‌ಬರ್ಗ್ ಊರಿನ ನಡುವೆ ಇತ್ತು. ಹೆಸರು ಸಿವಿಕ್ ಅರೀನಾ. ತಮಾಷೆ ಏನೆಂದರೆ, ಅದನ್ನು ಕಟ್ಟಲು ಹೊರಟದ್ದು ಸಂಗೀತ ನಾಟಕಕ್ಕಾಗಿ! ಬಯಲಿನಲ್ಲಿ ಆಡುತ್ತಿದ್ದ ನಾಟಕಗಳನ್ನು ಮಳೆ ಕೆಡಿಸುತ್ತಿತ್ತು. ಎಡ್ಗರ್ ಕಾಫ್‌ಮನ್ ಎಂಬ ದೊಡ್ಡ ಅಂಗಡಿಯ ಮಾಲೀಕರು ಹಣ ಕೊಡಲು ಮುಂದೆ ಬಂದರು. 1961ರಲ್ಲಿ ಕಟ್ಟಡ ತೆರೆಯಿತು. ಸುಮಾರು 415 ಅಡಿ ಅಗಲದ ಉಕ್ಕಿನ ಗುಮ್ಮಟ, ಒಳಗೆ ಒಂದೂ ಕಂಬವಿಲ್ಲ. ಗುಮ್ಮಟದಲ್ಲಿ ಎಂಟು ಹಾಳೆಗಳು. ಗುಂಡಿ ಒತ್ತಿದರೆ ಆರು ಹಾಳೆಗಳು ಸರಿದು ಉಳಿದೆರಡರ ಅಡಿ ಸೇರುತ್ತಿದ್ದವು. ಎರಡು ಮೂರು ನಿಮಿಷದಲ್ಲಿ ತಲೆಯ ಮೇಲೆ ನಕ್ಷತ್ರ!

ನಾಟಕದವರಿಗೆ ಅಲ್ಲಿನ ಧ್ವನಿ ಹಿಡಿಸಲಿಲ್ಲ, ಬೇರೆಡೆಗೆ ಹೋದರು. 1967ರಲ್ಲಿ ಪೆಂಗ್ವಿನ್ಸ್ ಎಂಬ ಹಾಕಿ ತಂಡ ಬಂತು. ಗುಮ್ಮಟಕ್ಕೆ ಜನ ಇಟ್ಟ ಅಡ್ಡಹೆಸರು ಇಗ್ಲೂ, ಅಂದರೆ ಹಿಮದ ಮನೆ. ಇಗ್ಲೂ ಉತ್ತರ ಧ್ರುವದ ಕಡೆಯದು, ಪೆಂಗ್ವಿನ್ ದಕ್ಷಿಣದ ಹಕ್ಕಿ. ನಿಮ್ಮ ಭೂಗೋಳದ ಮೇಷ್ಟ್ರಿಗೆ ಹೇಳಬೇಡಿ.

ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಕಟ್ಟಡದ ಖರ್ಚು ಸುಮಾರು 2 ಕೋಟಿ 20 ಲಕ್ಷ ಡಾಲರ್. ಆದರೆ ಖರ್ಚಿನ ಕಾಲಂನಲ್ಲಿ ಬರೆಯದೇ ಬಿಟ್ಟದ್ದೊಂದಿದೆ. ಆ ಜಾಗದಲ್ಲಿ ಲೋಯರ್ ಹಿಲ್ ಎಂಬ ಕೇರಿ ಇತ್ತು. ಹೆಚ್ಚಿನವರು ಕಪ್ಪು ಜನ. ಇಟಲಿ, ಸಿರಿಯಾಗಳಿಂದ ಬಂದವರೂ ಯಹೂದ್ಯರೂ ಇದ್ದರು. ಚರ್ಚು, ಕ್ಷೌರದಂಗಡಿ, ರಾತ್ರಿಯೆಲ್ಲ ಜಾಝ್ ಸಂಗೀತ. ಮನೆಗಳು ಹಳೆಯವು, ಹಲವು ಶಿಥಿಲವಾಗಿದ್ದವು, ನಿಜ. ರಿಪೇರಿಯ ಬದಲು 1956ರಿಂದ ಕೇರಿಯನ್ನೇ ಕೆಡವಿದರು. ಸುಮಾರು 8,000 ಜನ ಗಂಟುಮೂಟೆ ಕಟ್ಟಿದರು. ಅಜ್ಜ ಒಂದು ಕಡೆ, ಮೊಮ್ಮಗ ಇನ್ನೊಂದು ಕಡೆ ಆದ ಮನೆಗಳೆಷ್ಟೋ!

ಉಳಿದ ಮೇಲಿನ ಕೇರಿಗೂ ಯಂತ್ರ ಬರುವ ಹೊತ್ತಿಗೆ ಜನ ಸುಮ್ಮನಿರಲಿಲ್ಲ. ರಸ್ತೆ ಕೂಡುವಲ್ಲಿ ದೊಡ್ಡ ಫಲಕ ನಿಲ್ಲಿಸಿ, ಇಲ್ಲಿಂದಾಚೆ ಕೆಡವಕೂಡದೆಂದು ನಗರಾಡಳಿತಕ್ಕೆ ಬರೆದರು. ಯಂತ್ರಗಳು ಅಲ್ಲಿಗೇ ನಿಂತವು.

2010ರಲ್ಲಿ ಪೆಂಗ್ವಿನ್ಸ್ ರಸ್ತೆಯಾಚೆಯ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಗುಮ್ಮಟ ಉಳಿಸಿ ಎಂದು ಕೆಲವರು ಹೋರಾಡಿದರೂ 2011-12ರಲ್ಲಿ ಅದನ್ನು ಬಿಚ್ಚಿ ಹಾಕಿದರು. ಕೇರಿ ಇದ್ದ, ಆಮೇಲೆ ಗುಮ್ಮಟ ಇದ್ದ ಆ ನೆಲದಲ್ಲಿ ಎಷ್ಟೋ ವರ್ಷ ಬರೀ ಕಾರುಗಳು ನಿಲ್ಲುತ್ತಿದ್ದವು.