ಆರ್‌ಎಕ್ಸ್ 100 ತಗೊಳ್ಳೋದಾ, ಡ್ಯೂಕ್ 200 ತಗೊಳ್ಳೋದಾ? (ಭಾಗ 4)

ಕುರುಬರಹಳ್ಳಿ ಸರ್ಕಲ್‌ನಲ್ಲಿ ಒಂದು ಯಮಹಾ ಆರ್‌ಎಕ್ಸ್ ಹೋದ್ರೆ ಟೀ ಅಂಗಡಿ ಮುಂದೆ ನಿಂತಿರೋರೆಲ್ಲಾ ತಿರುಗಿ ನೋಡ್ತಾರೆ. ಕೆಟಿಎಂ ಡ್ಯೂಕ್ ಹೋದ್ರೆ ಯಾರೂ ತಲೆ ಎತ್ತಲ್ಲ. ಇಷ್ಟಕ್ಕೇ ಡಿಸೈಡ್ ಮಾಡಿಬಿಟ್ರಾ? ಒಂದು ನಿಮಿಷ ಇರಿ ಗುರು.

ಆರ್‌ಎಕ್ಸ್ 100 ನಮ್ಮ ದೇಶಕ್ಕೆ ಬಂದಿದ್ದು 1985ರಲ್ಲಿ, ನಿಂತಿದ್ದು 1996ರಲ್ಲಿ. 98 ಸಿಸಿ ಟೂ ಸ್ಟ್ರೋಕ್, 11 ಪಿಎಸ್ ಪವರ್, ತೂಕ ಬರೀ 103 ಕೆಜಿ. ಅದಕ್ಕೇ ಸಿಗ್ನಲ್ ಬಿಟ್ಟ ತಕ್ಷಣ ಹಾರುತ್ತೆ, ಒಪ್ಕೋತೀನಿ. ಆದ್ರೆ ನಿಲ್ಲಿಸೋಕೆ ಇರೋದು ಎರಡೂ ಡ್ರಮ್ ಬ್ರೇಕ್. ಮಳೇಲಿ ವೆಸ್ಟ್ ಆಫ್ ಕಾರ್ಡ್ ರೋಡಲ್ಲಿ ಮುಂದಿನ ಬಸ್ಸು ಗಕ್ಕಂತ ನಿಂತ್ರೆ, ಸೈಲೆನ್ಸರ್ ಸೌಂಡು ಕಾಪಾಡಲ್ಲ.

2012ರಲ್ಲಿ ಬಂದ ಡ್ಯೂಕ್ 200ಗೆ 25 ಪಿಎಸ್, ಎರಡೂ ಕಡೆ ಡಿಸ್ಕ್. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕಿಗೆಲ್ಲಾ ಎಬಿಎಸ್ ಕಡ್ಡಾಯ. ಅಂದ್ರೆ ಗಾಬರೀಲಿ ಬ್ರೇಕ್ ಹಿಡಿದ್ರೂ ಮುಂದಿನ ಚಕ್ರ ಲಾಕ್ ಆಗಲ್ಲ.

ನನ್ನ ಮಾತು ಇಷ್ಟೇ. ದಿನಾ ಕಾಲೇಜಿಗೆ ಓಡಿಸೋಕೆ ಇರೋದೊಂದೇ ಗಾಡಿ ಅಂದ್ರೆ, ಎಬಿಎಸ್ ಇರೋ ಸೆಕೆಂಡ್ ಹ್ಯಾಂಡ್ ಡ್ಯೂಕ್ ತಗೊಳ್ಳಿ. ಮನೇಲಿ ಅಪ್ಪನದೋ ಮಾವನದೋ ಆರ್‌ಎಕ್ಸ್ ಇದ್ರೆ ಮಾರಬೇಡಿ, ಭಾನುವಾರಕ್ಕೆ ಇಟ್ಕೊಳ್ಳಿ. ಹೊರಗಿಂದ ಆರ್‌ಎಕ್ಸೇ ತಗೋತೀನಿ ಅಂದ್ರೆ ಪೇಂಟ್ ನೋಡೋ ಮುಂಚೆ ಆರ್‌ಸಿ ನೋಡಿ. ಎಂಜಿನ್ ನಂಬರು, ಚಾಸಿ ನಂಬರು ತಾಳೆ ಆಗ್ಬೇಕು, ಆರ್‌ಸಿ ರಿನ್ಯೂವಲ್ ಆಗಿರ್ಬೇಕು. ಅದು ಅಮ್ಮ ಚೀಟಿ ಎತ್ತಿ ಕೊಡೋ ದುಡ್ಡು, ಮರೀಬೇಡಿ.

ನಿಮ್ಮ ವೋಟು ಯಾವುದಕ್ಕೆ? ಕಾಮೆಂಟಲ್ಲಿ ಜಗಳ ಆಡೋಣ. ಹೆಲ್ಮೆಟ್ ಮಾತ್ರ ಎರಡಕ್ಕೂ ಬೇಕು, ಅದರಲ್ಲಿ ಜಗಳ ಇಲ್ಲ.